ರಿಮೋಟಿನ ಮಾತು ಕೇಳುವ ಮೂರು ಕಾಲಿನ ಬಿಡಿಭಾಗ

ಕೇಳುಗರಿಗೆ ನಮಸ್ಕಾರ.

ನಮ್ಮ ಅಜ್ಜಿ ರಾತ್ರಿ ಎದ್ದರೆ ಸ್ವಿಚ್ಚಿಗಾಗಿ ಗೋಡೆ ತಡಕುತ್ತಿದ್ದರು. ಮನೆಯಲ್ಲಿ ಹಳೆಯ ಟಿವಿ ರಿಮೋಟ್ ಸುಮ್ನೆ ಬಿದ್ದಿತ್ತು. ಅದರಿಂದಲೇ ಹಾಸಿಗೆ ಪಕ್ಕದ 5 ವೋಲ್ಟಿನ ಎಲ್‌ಇಡಿ ದೀಪ ಹೊತ್ತುವ ಹಾಗೆ ಮಾಡೋಣ ಅನ್ನಿಸಿತು. ಅಂಗಡಿಗೆ ಹೋಗಿ ಐಆರ್ ರಿಸೀವರ್, ಅಂದರೆ ರಿಮೋಟಿನಿಂದ ಬರುವ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಹಿಡಿಯುವ ಬಿಡಿಭಾಗ ಕೇಳಿದೆ. "ಫೋಟೋಡಯೋಡ್ ಬೇಕಾ, ಟಿಎಸ್‌ಒಪಿ ಬೇಕಾ?" ಎಂದರು.

ಎರಡೂ ಬೇರೆ ಬೇರೆ. ಫೋಟೋಡಯೋಡ್ ಬರೀ ಬೆಳಕು ಬಿದ್ದದ್ದನ್ನು ತಿಳಿಸುವ ಬಿಡಿಭಾಗ, ಟಿಎಸ್‌ಒಪಿ ರಿಮೋಟಿಗೆಂದೇ ಮಾಡಿದ ಮೂರು ಕಾಲಿನ ರಿಸೀವರ್. ಫೋಟೋಡಯೋಡ್ ಮೇಲೆ ಬಿಸಿಲು ಬಿದ್ದರೂ ಅದಕ್ಕೆ ಒಂದೇ, ರಿಮೋಟಿನ ಬೆಳಕು ಬಿದ್ದರೂ ಒಂದೇ. ರಿಮೋಟ್ ತನ್ನ ಬೆಳಕನ್ನು ಸೆಕೆಂಡಿಗೆ ಸುಮಾರು 38,000 ಸಲ ಮಿನುಗಿಸುತ್ತದೆ. ಟಿಎಸ್‌ಒಪಿ ಒಳಗಿರುವ ಫಿಲ್ಟರ್ ಆ ಮಿನುಗನ್ನು ಮಾತ್ರ ಹೆಕ್ಕಿಕೊಂಡು ಉಳಿದ ಬೆಳಕನ್ನು ಬಿಟ್ಟುಬಿಡುತ್ತದೆ. ಹಾಗಾಗಿ ರಿಮೋಟಿಗೆ ಇದೇ ಬೇಕು. ಆದರೆ ಎಲ್ಲ ರಿಮೋಟೂ 38 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ 38,000 ಸಲ, ಅಲ್ಲ. ಫಿಲಿಪ್ಸ್ ತಂದ ಆರ್‌ಸಿ-5 ಎಂಬ ರಿಮೋಟ್ ಸಂಕೇತ ಪದ್ಧತಿಯದು 36, ಸೋನಿಯದು 40. 38ರ ರಿಸೀವರಿನಲ್ಲೂ ಇವು ಕೆಲಸ ಮಾಡುತ್ತವೆ, ದೂರ ಮಾತ್ರ ಕಡಿಮೆಯಾಗುತ್ತದೆ.

ಆಮೇಲೆ ವೋಲ್ಟೇಜ್. ಹಳೆಯ ಟಿಎಸ್‌ಒಪಿ 1738ಕ್ಕೆ 5 ವೋಲ್ಟ್ ಬೇಕು. ರಿಸೀವರಿನ ಸಂಕೇತ ಓದಿ ದೀಪ ಹೊತ್ತಿಸಲು ಒಂದು ಪುಟ್ಟ ಕಂಪ್ಯೂಟರ್ ಬೋರ್ಡ್ ಬೇಕು. ಆ ಬೋರ್ಡ್ ಆರ್ಡುಯಿನೋ ಊನೋ ಆದರೆ 1738 ಸರಿ. ಇಎಸ್‌ಪಿ 32 ಎಂಬ ಇನ್ನೊಂದು ಬೋರ್ಡ್ ಓಡುವುದು 3.3 ವೋಲ್ಟಿನಲ್ಲಿ. ಅದಕ್ಕೆ ಟಿಎಸ್‌ಒಪಿ 38238 ತರುವುದು ಒಳ್ಳೆಯದು, 2.5 ವೋಲ್ಟಿನಿಂದಲೇ ಅದು ಕೆಲಸ ಮಾಡುತ್ತದೆ.

ಇನ್ನು ನಾನು ಪೆಟ್ಟು ತಿಂದ ಜಾಗ. 1738ನ್ನು ಮುಖ ನಮ್ಮ ಕಡೆ ಮಾಡಿ ಹಿಡಿದರೆ ಎಡದಿಂದ ಕಾಲುಗಳು ಗ್ರೌಂಡ್ (ಮೈನಸ್), ಸಪ್ಲೈ (ಪ್ಲಸ್), ಔಟ್‌ಪುಟ್ (ಸಂಕೇತ ಹೊರಬರುವುದು). 38238ರಲ್ಲಿ ಔಟ್‌ಪುಟ್, ಗ್ರೌಂಡ್, ಸಪ್ಲೈ. ನೋಡಲು ಎರಡೂ ಅಣ್ಣತಮ್ಮಂದಿರ ಹಾಗೆ! ಹಳೆಯದನ್ನು ಕಿತ್ತು ಅದೇ ತೂತುಗಳಿಗೆ ಹೊಸದನ್ನು ಚುಚ್ಚಿದೆ. ಕರೆಂಟ್ ಉಲ್ಟಾ ಹೋಗಿ ಒಂದೇ ನಿಮಿಷದಲ್ಲಿ ಕೈ ಇಡಲಾಗದಷ್ಟು ಬಿಸಿಯಾಯಿತು, ಮತ್ತೆ ಏಳಲೇ ಇಲ್ಲ. ದಯವಿಟ್ಟು ನಂಬರ್ ಓದಿ, ಅದರ ಡೇಟಾಶೀಟ್, ಅಂದರೆ ತಯಾರಕರ ವಿವರ ಪತ್ರ, ತೆರೆದು, ಕಾಲುಗಳ ಚಿತ್ರ ನೋಡಿದ ಮೇಲೆಯೇ ವೈರ್ ಹಾಕಿ.

ಸಪ್ಲೈ ದಾರಿಯಲ್ಲಿ 100 ಓಮ್ ರೆಸಿಸ್ಟರ್, ರಿಸೀವರಿನ ಹತ್ತಿರ ಸಪ್ಲೈಗೂ ಗ್ರೌಂಡಿಗೂ ನಡುವೆ ಒಂದು ಕೆಪಾಸಿಟರ್ ಇರಲಿ. ಸಪ್ಲೈಯ ಏರಿಳಿತ ತಗ್ಗಿಸುವ ಇವು ಇಲ್ಲದಿದ್ದಾಗ ನಮ್ಮ ದೀಪ ಯಾರೂ ಒತ್ತದೆಯೇ ಹೊತ್ತಿಕೊಂಡು ಅಜ್ಜಿಯನ್ನು ಎಬ್ಬಿಸಿತ್ತು.

ಎಲ್ಲ ಸರಿಯಿದ್ದೂ ದೀಪ ಹೊತ್ತದಿದ್ದರೆ ರಿಮೋಟನ್ನು ಮೊಬೈಲ್ ಕ್ಯಾಮೆರಾ ಕಡೆ ಹಿಡಿದು ಬಟನ್ ಒತ್ತಿ. ಎಷ್ಟೋ ಫೋನುಗಳ ಪರದೆಯಲ್ಲಿ ನೇರಳೆ ಬಣ್ಣದ ಮಿನುಗು ಕಾಣುತ್ತದೆ. ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ದರೆ ಮುಂದಿನದರಲ್ಲಿ ನೋಡಿ. ಅಲ್ಲೂ ಇಲ್ಲ ಅಂದರೆ ರಿಸೀವರ್ ಬಿಚ್ಚಬೇಡಿ, ಮೊದಲು ರಿಮೋಟಿನ ಸೆಲ್ ಬದಲಿಸಿ.