ಬುಲೆಟ್ ಇಂಜಿನ್ ಆಯಿಲ್ ಲೀಕ್: ಪ್ಯಾಕಿಂಗ್ ಬದಲಿಸುವ ಮೊದಲು ಇದನ್ನು ನೋಡಿ

[ದೃಶ್ಯ: ಬೆಳಗಿನ ಹೊತ್ತು. ಮನೆ ಮುಂದೆ ಹಳೆಯ ಬುಲೆಟ್. ಅದರ ಕೆಳಗೆ ಅರ್ಧ ರಂಗೋಲಿ, ಅರ್ಧ ಎಣ್ಣೆ.]

ನಮಸ್ಕಾರ. ಈ ಕಲೆ ನೋಡಿ. ಇದು ನಮ್ಮಮ್ಮ ರಂಗೋಲಿ ಹಾಕುವ ಜಾಗ. ಎರಡು ವರ್ಷದಿಂದ ಇದಕ್ಕೇ ನಮ್ಮಿಬ್ಬರಿಗೂ ಜಗಳ. ಜಗಳ ಮುಗಿಯಲಿ ಅಂತ ಟ್ಯಾಪೆಟ್ ಕವರಿನ, ಅಂದರೆ ವಾಲ್ವ್ ಹೊಂದಿಸುವ ಜಾಗದ ಮುಚ್ಚಳದ, ಪ್ಯಾಕಿಂಗನ್ನು (ಗ್ಯಾಸ್ಕೆಟ್) ಎರಡು ಸಲ ಬದಲಿಸಿದೆ. ಎರಡು ಸಲವೂ ವಾರದೊಳಗೆ ಮತ್ತೆ ಎಣ್ಣೆ. ಪ್ಯಾಕಿಂಗಿನಲ್ಲಿ ಏನೂ ತೊಂದರೆ ಇರಲಿಲ್ಲ. ತಪ್ಪು ನನ್ನದು. ಏನು ತಪ್ಪು ಅಂತ ಆಮೇಲೆ ಹೇಳುತ್ತೇನೆ.

ಇದು ಕ್ಯಾಸ್ಟ್ ಐರನ್ ಇಂಜಿನ್ನಿನ 350. ಮದ್ರಾಸಿನಲ್ಲಿ 1955ರಲ್ಲಿ ಬುಲೆಟ್ ಶುರುವಾಯಿತಲ್ಲ, ಆ ವಂಶದ್ದೇ. 2010ರ ಆಸುಪಾಸಿನವರೆಗೂ ಈ ಇಂಜಿನ್ ಬರುತ್ತಿತ್ತು. ನಿಮ್ಮದು ಬೇರೆ ಬೈಕ್ ಆದರೂ ನೋಡಿ, ಲೀಕ್ ಹುಡುಕುವ ದಾರಿ ಎಲ್ಲಕ್ಕೂ ಒಂದೇ.

ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಹೆಂಚು ಒಡೆದಿರುವುದು ಒಂದು ಕಡೆ. ನೀರು ರೀಪಿನ ಮೇಲೆ ಹರಿದು ತೊಟ್ಟಿಕ್ಕುವುದು ಇನ್ನೊಂದು ಕಡೆ. ಇಂಜಿನ್ನಿನ ಎಣ್ಣೆಯೂ ಹಾಗೆಯೇ. ಕೆಳಕ್ಕೆ ಇಳಿಯುತ್ತದೆ, ಓಡುವಾಗ ಗಾಳಿಗೆ ಹಿಂದಕ್ಕೆ ಹೋಗುತ್ತದೆ. ಅದಕ್ಕೇ ತೊಟ್ಟು ಬಿದ್ದ ಜಾಗ ನೋಡಿ ಸ್ಪ್ಯಾನರ್ ಎತ್ತಬೇಡಿ. ಒದ್ದೆಯಾಗಿರುವುದರಲ್ಲಿ ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಮುಂದಿನ ಜಾಗ ಯಾವುದು ಅಂತ ಹುಡುಕಿ.

[ದೃಶ್ಯ: ಬ್ರಷ್, ಸೀಮೆಎಣ್ಣೆ ಡಬ್ಬ, ಹಳೆಯ ಬನಿಯನ್ ಬಟ್ಟೆ.]

ಮೊದಲು ತೊಳೆಯಿರಿ. ಇಂಜಿನ್ ಪೂರ್ತಿ ತಣ್ಣಗಿರಬೇಕು. ಹಳೆಯ ಜಿಡ್ಡು ಇದ್ದರೆ ಏನೂ ಗೊತ್ತಾಗುವುದಿಲ್ಲ. ಒರೆಸಿ ಒಣಗಿಸಿದ ಮೇಲೆ ಮುಖಕ್ಕೆ ಹಚ್ಚುವ ಪೌಡರನ್ನು ಇಂಜಿನ್ ಮೇಲೆಲ್ಲ ತಟ್ಟಿ. ನಗಬೇಡಿ, ಇದಕ್ಕಿಂತ ಅಗ್ಗದ ಉಪಕರಣ ಇಲ್ಲ. ಹತ್ತು ಹದಿನೈದು ಕಿಲೋಮೀಟರ್ ಓಡಿಸಿಕೊಂಡು ಬನ್ನಿ. ಬಿಳಿ ಪೌಡರಿನ ಮೇಲೆ ಎಣ್ಣೆಯ ಗೆರೆ ಎಲ್ಲಿಂದ ಹೊರಟಿದೆ ಅಂತ ಎದ್ದು ಕಾಣುತ್ತದೆ. ರಾತ್ರಿ ಕೆಳಗೆ ಒಂದು ರಟ್ಟು ಹಾಸಿ. ಚಕ್ರ ನಿಂತ ಜಾಗವನ್ನು ರಟ್ಟಿನ ಮೇಲೆ ಗುರುತು ಮಾಡಿ.

ಬಿದ್ದ ಎಣ್ಣೆಯನ್ನು ಬೆರಳಿಗೆ ಹಚ್ಚಿ ಮೂಸಿ. ಈ ಬುಲೆಟ್‌ನಲ್ಲಿ ಇಂಜಿನ್, ಪ್ರೈಮರಿ ಕೇಸ್ (ಕ್ಲಚ್, ಅದರ ಚೈನ್ ಇರುವ ಪೆಟ್ಟಿಗೆ), ಗೇರ್‌ಬಾಕ್ಸ್ ಮೂರಕ್ಕೂ ಬೇರೆ ಬೇರೆ ಎಣ್ಣೆ. ಗಂಧಕದ ಘಾಟು ಬಂದರೆ ಅದು ಗೇರ್ ಆಯಿಲ್. ಸುಮ್ನೆ ಇಂಜಿನ್ ಬಿಚ್ಚಬೇಡಿ.

ಈಗ ನನ್ನ ಟ್ಯಾಪೆಟ್ ಕವರಿಗೆ ಬರೋಣ. ಪೌಡರ್ ಹಾಕಿ ನೋಡಿದಾಗ ಎಣ್ಣೆ ಅಲ್ಲಿಂದಲೇ ಬರುತ್ತಿತ್ತು. ಆದರೆ ಅದು ತಾನಾಗಿ ಬರುತ್ತಿರಲಿಲ್ಲ, ಒಳಗಿನಿಂದ ಏನೋ ತಳ್ಳುತ್ತಿತ್ತು.

[ಕ್ಲೋಸಪ್: ಬ್ರೀದರ್ ಪೈಪ್. ತುದಿಯಲ್ಲಿ ಬಾತುಕೋಳಿ ಕೊಕ್ಕಿನಂಥ ರಬ್ಬರ್.]

ಪಿಸ್ಟನ್ ಒಂದು ಸಲ ಕೆಳಗಿಳಿದರೆ 346 ಸಿಸಿ ಗಾಳಿಯನ್ನು ಕ್ರ್ಯಾಂಕ್‌ಕೇಸಿನೊಳಗೆ, ಅಂದರೆ ಇಂಜಿನ್ನಿನ ಕೆಳಭಾಗದ ಪೆಟ್ಟಿಗೆಯೊಳಗೆ, ಒತ್ತುತ್ತದೆ. ಐಡಲ್‌ನಲ್ಲೇ ನಿಮಿಷಕ್ಕೆ ಸಾವಿರ ಸಲ ಅಂದುಕೊಳ್ಳಿ. ಆ ಗಾಳಿ ಹೊರಹೋಗುವ ಬಾಗಿಲು ಈ ಬ್ರೀದರ್. ತುದಿಯ ರಬ್ಬರಿಗೆ ಡಕ್‌ಬಿಲ್ ಅನ್ನುತ್ತಾರೆ. ಪಿಸ್ಟನ್ ಇಳಿದಾಗ ತೆರೆದು ಗಾಳಿ ಬಿಡುತ್ತದೆ, ಏರಿದಾಗ ಮುಚ್ಚಿಕೊಳ್ಳುತ್ತದೆ. ನನ್ನದು ಒಣಗಿ ಕಲ್ಲಾಗಿತ್ತು, ಕೊಕ್ಕು ಅಂಟಿಕೊಂಡಿತ್ತು. ಗಾಳಿಗೆ ಬಾಗಿಲು ಇಲ್ಲದಿದ್ದರೆ ಪ್ಯಾಕಿಂಗ್ ಎಲ್ಲಿ ಸಡಿಲವೋ ಅಲ್ಲಿಂದ ಎಣ್ಣೆಯನ್ನು ತಳ್ಳಿಕೊಂಡು ಹೋಗುತ್ತದೆ, ಅಲ್ವಾ? ಚಿಕ್ಕ ರಬ್ಬರ್ ಅಷ್ಟೇ. ಹೊಸದು ಹಾಕಿದೆ. ಹಾಕಿದ ಮೇಲೂ ಪೈಪಿನಿಂದ ಹೊಗೆ ಗುಪ್ ಗುಪ್ ಅಂತ ಬರುತ್ತಲೇ ಇದ್ದರೆ ಪಿಸ್ಟನ್ ರಿಂಗ್ ಸವೆದಿರಬಹುದು. ಅದು ದೊಡ್ಡ ಕೆಲಸ.

ಇನ್ನು ನನ್ನ ತಪ್ಪು. ಈ ಇಂಜಿನ್ನಿನ ಆಯಿಲ್ ಟ್ಯಾಂಕ್ ಕ್ರ್ಯಾಂಕ್‌ಕೇಸಿನೊಳಗೇ ಇದೆ. ಗಾಡಿ ವಾರಗಟ್ಟಲೆ ನಿಂತರೆ ಎಣ್ಣೆ ಪಂಪಿನ ಸಂದಿಯಿಂದ ಮೆಲ್ಲಗೆ ಕೆಳಗಿನ ಸಂಪಿಗೆ, ಅಂದರೆ ಕ್ರ್ಯಾಂಕ್ ತಿರುಗುವ ಜಾಗದ ತಳಕ್ಕೆ, ಇಳಿದುಬಿಡುತ್ತದೆ. ನಾನು ಬೆಳಿಗ್ಗೆ ಗೇಜ್ ಕಡ್ಡಿ ಎತ್ತಿ ನೋಡುತ್ತಿದ್ದೆ. ಎಣ್ಣೆ ಕಡಿಮೆ! ಅರ್ಧ ಲೀಟರ್ ಸುರಿಯುತ್ತಿದ್ದೆ. ಸ್ಟಾರ್ಟ್ ಮಾಡಿದರೆ ಪಂಪ್ ಸಂಪಿನ ಎಣ್ಣೆಯನ್ನೂ ಮೇಲೆ ತರುತ್ತದೆ. ಟ್ಯಾಂಕು ತುಂಬಿ ತುಳುಕಿ, ಜಾಸ್ತಿಯಾದದ್ದು ಸಿಕ್ಕಲ್ಲಿಂದ ಹೊರಗೆ. ದುಡ್ಡು ಕೊಟ್ಟು ತಂದ ಎಣ್ಣೆಯನ್ನು ನಾನೇ ರಂಗೋಲಿಗೆ ಹಾಕಿದ ಹಾಗಾಯಿತು. ಲೆವೆಲ್ಲನ್ನು ಗಾಡಿ ಓಡಿಸಿ ಬಂದ ಮೇಲೆ, ಒಂದೆರಡು ನಿಮಿಷ ಬಿಟ್ಟು, ನೇರವಾಗಿ ನಿಲ್ಲಿಸಿ ನೋಡಿ.

ಬ್ರೀದರ್, ಲೆವೆಲ್ ಎರಡೂ ಸರಿಯಿದ್ದು ಇನ್ನೂ ಸೋರಿದರೆ ಆಗ ಪ್ಯಾಕಿಂಗಿಗೆ ಕೈ ಹಾಕಿ. ಹಳೆಯದನ್ನು ಸ್ಕ್ರೂಡ್ರೈವರ್‌ನಿಂದ ಕೆರೆಯಬೇಡಿ. ಕವರ್ ಕೂರುವ ಅಲ್ಯೂಮಿನಿಯಂ ಮೇಲೆ ಒಂದು ಗೀರು ಬಿದ್ದರೂ ಅದೇ ಎಣ್ಣೆಗೆ ಕಾಲುವೆ. ಅನಾಬಾಂಡ್ ಅನ್ನುವ ಸೀಲಿಂಗ್ ಅಂಟನ್ನು ಮೆತ್ತುವ ಚಟ ಕೆಲವರಿಗಿದೆ. ಹೊರಗೆ ಎಷ್ಟು ಉಬ್ಬಿ ಕಾಣುತ್ತದೋ ಒಳಗೂ ಅಷ್ಟೇ ಉಬ್ಬಿರುತ್ತದೆ. ಅದು ಕಿತ್ತು ಬಂದು ಆಯಿಲ್ ದಾರಿ ಮುಚ್ಚಿದರೆ ಇಂಜಿನ್ ಹೋಯಿತು. ತೆಳ್ಳಗೆ ಸವರಿದರೆ ಸಾಕು.

[ದೃಶ್ಯ: ಗ್ಯಾಸ್ ಒಲೆಯ ಮೇಲೆ ಇಕ್ಕಳದಲ್ಲಿ ಹಿಡಿದ ತಾಮ್ರದ ವಾಷರ್.]

ವಾಲ್ವ್ ಒತ್ತುವ ರಾಕರಿಗೆ ಎಣ್ಣೆ ಒಯ್ಯುವ ಹೊರಗಿನ ಪೈಪಿನ ತುದಿಗಳಲ್ಲಿ ತಾಮ್ರದ ವಾಷರ್ ಇರುತ್ತವೆ. ಬಳಸಿ ಬಳಸಿ ಗಟ್ಟಿಯಾಗುತ್ತವೆ. ಕೆಂಪಗೆ ಕಾಯಿಸಿ ನೀರಿಗೆ ಹಾಕಿ. ಗಟ್ಟಿ ಉಕ್ಕಾದರೆ ಇನ್ನೂ ಗಟ್ಟಿಯಾಗುತ್ತಿತ್ತು, ತಾಮ್ರ ಮೆತ್ತಗಾಗುತ್ತದೆ. ಮತ್ತೆ ಚೆನ್ನಾಗಿ ಕೂರುತ್ತದೆ.

ಎಡಗಡೆಯ ಪ್ರೈಮರಿ ಕವರಿಗೆ ನಡುವೆ ಒಂದೇ ದೊಡ್ಡ ನಟ್. ಸೋರಿದಾಗ ಎಲ್ಲರೂ ಅದನ್ನೇ ಬಿಗಿಯುತ್ತಾರೆ. ಜಾಸ್ತಿ ಬಿಗಿದರೆ ನಡು ಒಳಕ್ಕೆ ಬಾಗಿ ಅಂಚು ಮೇಲೇಳುತ್ತದೆ, ಸೋರುವುದು ಹೆಚ್ಚುತ್ತದೆ. ಸುತ್ತಲಿನ ರಬ್ಬರ್ ಸೀಲ್ ಬದಲಿಸಿ, ಹದವಾಗಿ ಬಿಗಿಯಿರಿ. ಡ್ರೈನ್ ಪ್ಲಗ್‌ಗೂ ಇದೇ ಮಾತು. ತ್ರೆಡ್ ಹೋದರೆ ಲೇಥ್ ಅಂಗಡಿಗೆ ಓಡಬೇಕು.

ಎಣ್ಣೆ ಹಿಂದಿನ ಟೈರಿಗೆ ತಾಗುತ್ತಿದ್ದರೆ ಮಾತ್ರ ಓಡಿಸಿ ಪರೀಕ್ಷೆ ಮಾಡುವುದು ಬೇಡ. ತಿರುವಿನಲ್ಲಿ ಜಾರಿ ಬೀಳುತ್ತೀರಿ. ಗಾಡಿ ಅಲ್ಲೇ ನಿಲ್ಲಿಸಿ.

[ದೃಶ್ಯ: ಮರುದಿನ ಬೆಳಿಗ್ಗೆ. ರಟ್ಟನ್ನು ಕ್ಯಾಮೆರಾಗೆ ತೋರಿಸುತ್ತ.]

ನಿನ್ನೆ ರಾತ್ರಿಯ ರಟ್ಟು ಇದು. ಇಂಜಿನ್ ಕೆಳಗೆ ಒಂದು ತೊಟ್ಟೂ ಇಲ್ಲ. ಇಲ್ಲಿ, ಕಿಕ್ ಶಾಫ್ಟಿನ ಕೆಳಗೆ, ಒಂದು ರೂಪಾಯಿ ಅಗಲದ ಕಲೆ. ಮೂಸಿ ನೋಡಿದೆ, ಗೇರ್ ಆಯಿಲ್. ಓ-ರಿಂಗ್ ತಂದಿಟ್ಟಿದ್ದೇನೆ, ಭಾನುವಾರ ಬಿಚ್ಚುತ್ತೇನೆ. ಅಲ್ಲಿಯವರೆಗೆ ಗಾಡಿ ಎರಡು ಅಡಿ ಆಚೆ ನಿಲ್ಲಬೇಕು ಅಂತ ಅಮ್ಮನ ಆರ್ಡರ್.