ಊರು ಬದಲಿಸಿದ ಪಂದ್ಯ

ಕೇಳುಗರೇ, ನಮಸ್ಕಾರ.

ಇವತ್ತು ಅಮೆರಿಕದ ಒಂದು ಕಾಲೇಜು ಫುಟ್‌ಬಾಲ್ ತಂಡದ ಕತೆ ಹೇಳುತ್ತೇನೆ. ಇದು ನಮ್ಮ ಹುಡುಗರು ಮೈದಾನದಲ್ಲಿ ಒದೆಯುವ ದುಂಡು ಚೆಂಡಿನ ಆಟ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಅವುಚಿಕೊಂಡು ಓಡುತ್ತಾರಲ್ವಾ, ಆ ಆಟ.

ಪಶ್ಚಿಮ ಕರಾವಳಿಯ ಆರೆಗನ್ ರಾಜ್ಯದ ಕೊರ್ವಾಲಿಸ್ ಚಿಕ್ಕ ಊರು. ಅಲ್ಲಿನ ಆರೆಗನ್ ಸ್ಟೇಟ್ ಕಾಲೇಜು 1941ರಲ್ಲಿ ಎರಡು ಪಂದ್ಯ ಸೋತರೂ ಕೊನೆಗೆ ರೋಸ್ ಬೌಲ್‌ಗೆ ಆಯ್ಕೆಯಾಯಿತು. ಹೊಸ ವರ್ಷದ ದಿನ ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿ ನಡೆಯುವ ದೊಡ್ಡ ಪಂದ್ಯ ಅದು. ಈ ಕಾಲೇಜು ಅಲ್ಲಿವರೆಗೆ ಒಮ್ಮೆಯೂ ಅದನ್ನು ಆಡಿರಲಿಲ್ಲ. ಎದುರಾಳಿ ಡ್ಯೂಕ್ ವಿಶ್ವವಿದ್ಯಾಲಯ, ಆ ವರ್ಷ ಒಂದೂ ಪಂದ್ಯ ಸೋಲದ ತಂಡ.

ಅಷ್ಟರಲ್ಲಿ ಡಿಸೆಂಬರ್ 7ರಂದು ಜಪಾನ್ ಹವಾಯಿಯಲ್ಲಿದ್ದ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಹಾಕಿತು. ಪಶ್ಚಿಮ ಕರಾವಳಿಯ ಸೇನೆಯ ಹೊಣೆ ಜನರಲ್ ಜಾನ್ ಡಿವಿಟ್ ಅವರದು. ಕರಾವಳಿಯಲ್ಲಿ ಅಷ್ಟು ಜನ ಒಂದೆಡೆ ಸೇರುವುದು ಬೇಡ ಅಂದರು. ಡ್ಯೂಕ್‌ನ ಕೋಚ್ ವಾಲೇಸ್ ವೇಡ್ ಅವರ ಕಡೆಯಿಂದ ಮಾತು ಬಂತು: ನಮ್ಮಲ್ಲೇ ಆಡೋಣ ಬನ್ನಿ. ಹಾಗೆ ಪಂದ್ಯ ದೇಶದ ಇನ್ನೊಂದು ತುದಿಗೆ, ನಾರ್ತ್ ಕ್ಯಾರೊಲಿನಾದ ಡರ್ಹಂಗೆ ಹೋಯಿತು. ಅಲ್ಲಿನ ಸ್ಟೇಡಿಯಂನಲ್ಲಿ ಜಾಗ ಸಾಲದು. ಅಕ್ಕಪಕ್ಕದ ಕಾಲೇಜುಗಳಿಂದ ಆಸನಗಳನ್ನು ಎರವಲು ತಂದು ಜೋಡಿಸಿದರು, ಮದುವೆ ಮನೆಗೆ ಊರವರ ಪಾತ್ರೆ ತರುವ ಹಾಗೆ. 56,000 ಜನ ಬಂದರು.

ತಂಡ ರೈಲು ಹತ್ತುವ ಮುಂಚೆ ಇನ್ನೊಂದು ಸಂಗತಿ ನಡೆಯಿತು. ಜಾಕ್ ಯೋಶಿಹಾರಾ ಅಂತ ಒಬ್ಬ ಆಟಗಾರ. ಹುಟ್ಟಿದ್ದು ಜಪಾನಿನಲ್ಲಿ. ಮೂರು ವರ್ಷದವನಿದ್ದಾಗ ಅಮೆರಿಕಕ್ಕೆ ಬಂದವನು, ಬೆಳೆದಿದ್ದೆಲ್ಲ ಪೋರ್ಟ್‌ಲೆಂಡ್‌ನಲ್ಲಿ. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನವರು ಅಭ್ಯಾಸದ ಮೈದಾನಕ್ಕೇ ಬಂದು, ಇವನು ಪ್ರಯಾಣ ಮಾಡುವಂತಿಲ್ಲ ಅಂದುಬಿಟ್ಟರು. ಜೊತೆಯವರು ರೈಲು ಹತ್ತಿದರು. ಜಾಕ್ ಊರಲ್ಲೇ ಉಳಿದ.

1942ರ ಜನವರಿ 1. ಡರ್ಹಂನಲ್ಲಿ ಮಳೆ, ಮೈದಾನ ಒದ್ದೆ. ಆರೆಗನ್‌ನವರಿಗೆ ಮಳೆಯೇನು ಹೊಸದಲ್ಲ ಬಿಡಿ. ಮೂರನೇ ಕ್ವಾರ್ಟರ್‌ನಲ್ಲಿ 14–14. ಆಗ ಆರೆಗನ್ ಸ್ಟೇಟ್‌ನ ಬಾಬ್ ಡೆತ್‌ಮನ್ ಚೆಂಡು ಎಸೆದ, ಜೀನ್ ಗ್ರೇ ಹಿಡಿದ, ಓಡಿದ. ಒಟ್ಟು 68 ಗಜ. ಗೆದ್ದೇ ಗೆಲ್ಲುತ್ತೆ ಅಂದುಕೊಂಡಿದ್ದ ಡ್ಯೂಕ್ 20–16ರಲ್ಲಿ ಸೋತಿತು.

ಆಟದ ಕತೆ ಇಷ್ಟೇ. ಆಮೇಲೆ ಎರಡೂ ಕಡೆಯ ಹುಡುಗರು ಸೇನೆ ಸೇರಿದರು. 49 ವರ್ಷದ ಕೋಚ್ ವೇಡ್ ಕೂಡ ಸಮವಸ್ತ್ರ ತೊಟ್ಟರು. ಡ್ಯೂಕ್‌ನ ಚಾರ್ಲ್ಸ್ ಹೇನ್ಸ್ ಇಟಲಿಯಲ್ಲಿ ಗಾಯಗೊಂಡು ಬಿದ್ದಾಗ ಅವನನ್ನು ಹೊತ್ತು ತಂದು ಉಳಿಸಿದ್ದು ಆರೆಗನ್ ಸ್ಟೇಟ್‌ನ ಫ್ರಾಂಕ್ ಪಾರ್ಕರ್. ಮೈದಾನದಲ್ಲಿ ಕೆಡವಲು ಬಂದವನೇ ಅಲ್ಲಿ ಎತ್ತಿಕೊಂಡ. ಜೀನ್ ಗ್ರೇ ಜರ್ಮನಿಯ ಮೇಲೆ ಬಾಂಬರ್ ವಿಮಾನದಲ್ಲಿ ಹಾರಿ ಬದುಕಿ ಬಂದ. ಯುದ್ಧ ಮುಗಿದ ಮೇಲೆ ಒಂದು ವಿಮಾನ ಅಪಘಾತದಲ್ಲಿ ಎರಡೂ ತೋಳು ಕಳೆದುಕೊಂಡ. ಆ ಗೆಲುವಿನ ಚೆಂಡು ಹಿಡಿದ ತೋಳುಗಳು. ಇತ್ತ 1943 ಮತ್ತು 1944ರಲ್ಲಿ ಆರೆಗನ್ ಸ್ಟೇಟ್ ತಂಡವನ್ನೇ ಕಟ್ಟಲಿಲ್ಲ.

ಜಾಕ್ ಏನಾದ? ಪಂದ್ಯ ಬೇಡ ಅಂದಿದ್ದ ಅದೇ ಜನರಲ್ ಡಿವಿಟ್ 1942ರಲ್ಲಿ ಜಪಾನಿ ಮೂಲದವರನ್ನೆಲ್ಲ ಕರಾವಳಿಯಿಂದ ಎಬ್ಬಿಸಲು ಆದೇಶ ಹೊರಡಿಸಿದರು. ಪಂದ್ಯಕ್ಕೆ ಬೇರೆ ಊರು ಸಿಕ್ಕಿತು, ಎರಡೂ ತಂಡ ಗೌರವದಿಂದ ಆಡಿದವು. ಪೋರ್ಟ್‌ಲೆಂಡ್‌ನ ಕುಟುಂಬಗಳಿಗೆ ಮೊದಲು ಸಿಕ್ಕಿದ್ದು ದನಗಳ ಪ್ರದರ್ಶನದ ಕಟ್ಟಡ. ಕೊಟ್ಟಿಗೆಯ ನೆಲದ ಮೇಲೆ ಹಲಗೆ ಹೊಡೆದು ಜನರನ್ನು ಇರಿಸಿದ್ದರು. ವಾಸನೆ ಹಲಗೆಗೆ ಹೆದರುತ್ತದೆಯೇ? ಆಮೇಲೆ ಐಡಹೋದ ಮಿನಿಡೋಕಾ ಶಿಬಿರ, ಮುಳ್ಳುತಂತಿಯ ಬೇಲಿ. ಜಾಕ್ ಕೂಡ ಅಲ್ಲಿದ್ದ.

ರೋಸ್ ಬೌಲ್ ತಂಡದವರಿಗೆ ಕೊಡುವ ಉಂಗುರ ಅವನ ಕೈಸೇರಿದ್ದು 1985ರಲ್ಲಿ. ಓದು ಅರ್ಧಕ್ಕೆ ನಿಂತ ಜಪಾನಿ ಮೂಲದ ವಿದ್ಯಾರ್ಥಿಗಳಿಗೆ ಆರೆಗನ್ ಸ್ಟೇಟ್ 2008ರಲ್ಲಿ ಗೌರವ ಪದವಿ ಕೊಟ್ಟಾಗ ಆ ಪಟ್ಟಿಯಲ್ಲಿ ಜಾಕ್ ಹೆಸರೂ ಇತ್ತು. ಮರುವರ್ಷ ತೀರಿಕೊಂಡ.

ನಮಸ್ಕಾರ.