ಅನುಭವಿ ಪೈಲಟ್‌ಗಳೂ ತಪ್ಪು ರನ್‌ವೇಗೆ ಹೋಗುವುದು ಯಾಕೆ?

[ಪರದೆ ಮೇಲೆ: ಬೆಂಗಳೂರಿನ ನಕ್ಷೆ. ಐದು ಬಿಳಿ ಗೆರೆಗಳು ಒಂದೊಂದಾಗಿ ಮೂಡುತ್ತವೆ.]

ನಮಸ್ಕಾರ. ಈ ನಕ್ಷೆಯನ್ನು ಒಮ್ಮೆ ಸರಿಯಾಗಿ ನೋಡಿ. ಮೇಲೆ ದೇವನಹಳ್ಳಿ ಹತ್ತಿರ ಎರಡು ಗೆರೆ ಇವೆ. ಅದು ಕೆಂಪೇಗೌಡ ವಿಮಾನ ನಿಲ್ದಾಣ. ಸ್ವಲ್ಪ ಕೆಳಗೆ ಬಂದರೆ ಯಲಹಂಕದ ವಾಯುಪಡೆ ನೆಲೆ. ಏರೋ ಇಂಡಿಯಾ ನಡೆಯುತ್ತದಲ್ಲ, ಅದೇ ಜಾಗ. ಇನ್ನೂ ಕೆಳಗೆ, ಬಳ್ಳಾರಿ ರಸ್ತೆ ಪಕ್ಕದಲ್ಲಿ ಜಕ್ಕೂರು. ಆ ಕಡೆ ಪೂರ್ವಕ್ಕೆ ಹಳೇ ಎಚ್‌ಎಎಲ್. ಒಟ್ಟು ಐದು ರನ್‌ವೇ. ಐದೂ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ, ಪೂರ್ವ–ಪಶ್ಚಿಮವಾಗಿ ಇವೆ.

ಇದಕ್ಕೆ ಕಾರಣ ಗಾಳಿ. ವಿಮಾನ ಗಾಳಿಗೆ ಎದುರಾಗಿ ಏರಬೇಕು, ಎದುರಾಗಿಯೇ ಇಳಿಯಬೇಕು. ನಮ್ಮಲ್ಲಿ ಮಳೆಗಾಲದಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಚಳಿಗಾಲದಲ್ಲಿ ಪೂರ್ವದಿಂದ. ಹಾಗಾಗಿ ಈ ಊರಿನಲ್ಲಿ ಯಾರು ರನ್‌ವೇ ಮಾಡಿದರೂ ಅದೇ ದಿಕ್ಕಿಗೆ ಮಾಡಬೇಕಾಯಿತು.

ಈಗ ನೀವು ಮೇಲಿಂದ ಇಳಿಯುತ್ತಿರುವ ಪೈಲಟ್ ಅಂದುಕೊಳ್ಳಿ. ಎದುರಿಗೆ ಮಂಜು, ಊರಿನ ಸಾವಿರಾರು ದೀಪ, ನಡುವೆ ಒಂದು ಉದ್ದನೆಯ ಗೆರೆ. ದಿಕ್ಕು ಸರಿಯಾಗಿದೆ. ಆದರೆ ಅದು ನೀವು ಇಳಿಯಬೇಕಾದ ಗೆರೆಯೇ ಅಂತ ಹೇಗೆ ಗೊತ್ತಾಗುತ್ತದೆ?

ಇದು ಸುಮ್ನೆ ಕಲ್ಪಿಸಿಕೊಂಡು ಕೇಳುತ್ತಿರುವ ಪ್ರಶ್ನೆ ಅಲ್ಲ. ಮುಂಬೈಯಲ್ಲಿ ಹೀಗೆ ನಡೆದಿದೆ. ಅಲ್ಲಿ ಸಾಂತಾಕ್ರೂಜ್ ದೊಡ್ಡ ವಿಮಾನ ನಿಲ್ದಾಣ, ಪಕ್ಕದಲ್ಲೇ ಜುಹು ಚಿಕ್ಕದು. ಎರಡರ ರನ್‌ವೇ ದಿಕ್ಕೂ ಹತ್ತಿರ ಹತ್ತಿರ. 1953ರಲ್ಲಿ ಬ್ರಿಟನ್ನಿನ ಬಿಒಎಸಿ ಕಂಪನಿಯ ಕಾಮೆಟ್ ಜೆಟ್ ಸಾಂತಾಕ್ರೂಜ್ ಅಂತ ತಿಳಿದು ಜುಹುವಿನಲ್ಲಿ ಇಳಿಯಿತು. ಮತ್ತೆ 1972ರಲ್ಲಿ ಜಪಾನ್ ಏರ್‌ಲೈನ್ಸ್‌ನ ಡಿಸಿ-8 ಅದೇ ಜುಹುವಿನಲ್ಲಿ ಇಳಿದು, ರನ್‌ವೇ ಸಾಲದೆ ಮುಂದಕ್ಕೆ ನುಗ್ಗಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ.

[ಪರದೆ ಮೇಲೆ: ರನ್‌ವೇ ತುದಿಯಲ್ಲಿ ಬಳಿದ ದೊಡ್ಡ ಬಿಳಿ ಅಂಕಿಗಳು]

ಮುಂದಿನ ಘಟನೆಗಳು ಅರ್ಥವಾಗಬೇಕಾದರೆ ರನ್‌ವೇ ನಂಬರ್ ಏನು ಅಂತ ಗೊತ್ತಿರಬೇಕು. ದಿಕ್ಸೂಚಿಯಲ್ಲಿ ಪೂರ್ವ ಅಂದರೆ 90 ಡಿಗ್ರಿ. ಕೊನೆಯ ಸೊನ್ನೆ ತೆಗೆದರೆ 09. ಪಶ್ಚಿಮ 270 ಡಿಗ್ರಿ, ಅದು 27. ಒಂದೇ ರನ್‌ವೇಗೆ ಎರಡು ನಂಬರ್, ಯಾವ ಕಡೆಗೆ ಮುಖ ಮಾಡಿದ್ದೀರಿ ಅನ್ನುವುದರ ಮೇಲೆ. ಯಲಹಂಕ, ಎಚ್‌ಎಎಲ್ ಎರಡೂ 09–27. ಜಕ್ಕೂರು 08–26. ಕೆಂಪೇಗೌಡ ನಿಲ್ದಾಣದಲ್ಲಿ ಎರಡು ರನ್‌ವೇ ಅಕ್ಕಪಕ್ಕ ಇವೆ. ಒಂದು 2008ರಲ್ಲಿ ಶುರುವಾಗಿದ್ದು, ಇನ್ನೊಂದು 2019ರ ಡಿಸೆಂಬರ್‌ನಲ್ಲಿ. ಎರಡೂ 4,000 ಮೀಟರ್. ಹಾಗಾಗಿ ನಂಬರ್ ಜೊತೆ ಎಡ, ಬಲ ಅಂತಲೂ ಸೇರಿಸಬೇಕು.

ಇಲ್ಲಿ ಒಂದು ಸೂಕ್ಷ್ಮ ಇದೆ. ಪೂರ್ವಕ್ಕೆ ಮುಖ ಮಾಡಿದಾಗ ಉತ್ತರದ ರನ್‌ವೇ ಎಡಕ್ಕೆ ಬರುತ್ತದೆ, ಅದು 09 ಲೆಫ್ಟ್. ಗಾಳಿ ತಿರುಗಿತು, ಈಗ ಪಶ್ಚಿಮಕ್ಕೆ ಮುಖ ಮಾಡಬೇಕು. ಅದೇ ರನ್‌ವೇ ಬಲಕ್ಕೆ ಬಂತು, 27 ರೈಟ್ ಆಯಿತು. ಬೆಳಿಗ್ಗೆ ಲೆಫ್ಟ್ ಆಗಿದ್ದು ಮಧ್ಯಾಹ್ನ ರೈಟ್ ಆಗಬಹುದು. ಪೈಲಟ್‌ಗಳಿಗೆ ಇದು ನೀರು ಕುಡಿದಷ್ಟು ಸುಲಭ, ನಿಜ. ಆದರೂ ಹದಿನಾರು ಗಂಟೆ ಎದ್ದಿದ್ದ ಮನುಷ್ಯನಿಗೆ ಬೆಳಗಿನ ಜಾವ ಮೂರು ಗಂಟೆಗೆ ಎಡಬಲ ಅಷ್ಟು ಸುಲಭವಾಗಿ ಉಳಿಯುವುದಿಲ್ಲ.

[ಪರದೆ ಮೇಲೆ: ರಾತ್ರಿ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣದ ರೇಖಾಚಿತ್ರ. ಪಕ್ಕಪಕ್ಕದಲ್ಲಿ ಮೂರು ಪಟ್ಟಿಗಳು.]

2017ರ ಜುಲೈ 7, ಸ್ಯಾನ್ ಫ್ರಾನ್ಸಿಸ್ಕೊ. ಈ ಘಟನೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಇದರಲ್ಲಿ ಎಲ್ಲವೂ ಇದೆ.

ಟೊರಾಂಟೊದಿಂದ ಬಂದ ಏರ್ ಕೆನಡಾ ವಿಮಾನ. ಒಳಗೆ 140 ಜನ. ಮಧ್ಯರಾತ್ರಿಗೆ ಇನ್ನು ಕೆಲವೇ ನಿಮಿಷ. ಇಳಿಯಬೇಕಾದದ್ದು 28 ರೈಟ್‌ನಲ್ಲಿ. ಅದರ ಎಡಕ್ಕೆ 28 ಲೆಫ್ಟ್ ಇದೆ, ಆದರೆ ಆವತ್ತು ರಾತ್ರಿ ಕೆಲಸಕ್ಕಾಗಿ ಮುಚ್ಚಿದ್ದರು, ದೀಪ ಆರಿಸಿದ್ದರು. ಬಲಕ್ಕೆ ಟ್ಯಾಕ್ಸಿವೇ, ಅಂದರೆ ವಿಮಾನಗಳು ನೆಲದ ಮೇಲೆ ಓಡಾಡುವ ದಾರಿ. ಅದರ ಮೇಲೆ ನಾಲ್ಕು ವಿಮಾನಗಳು ಸಾಲಾಗಿ ನಿಂತಿದ್ದವು. ಎಲ್ಲವೂ ಪ್ರಯಾಣಿಕರಿಂದ ತುಂಬಿದ್ದವು, ತಮ್ಮ ಟೇಕಾಫ್ ಸರದಿಗೆ ಕಾಯುತ್ತಿದ್ದವು.

ಪೈಲಟ್‌ಗಳ ಮನಸ್ಸಿನಲ್ಲಿದ್ದದ್ದು ಎರಡು ರನ್‌ವೇಗಳ ಚಿತ್ರ. ಎಡದ್ದು ಬಿಟ್ಟು ಬಲದ್ದಕ್ಕೆ ಇಳಿಯಬೇಕು. ಕೆಳಗೆ ನೋಡಿದರೆ ಬೆಳಗಿದ ಎರಡು ಪಟ್ಟಿ ಕಂಡವು. ಒಂದು ನಿಜವಾದ 28 ರೈಟ್. ಇನ್ನೊಂದು ಟ್ಯಾಕ್ಸಿವೇ. ಮುಚ್ಚಿದ ರನ್‌ವೇ ಕತ್ತಲಲ್ಲಿ ಕಾಣಲೇ ಇಲ್ಲ. ಬಲಗಡೆಯದ್ದೇ ನಮ್ಮದು ಅಂದುಕೊಂಡು ಟ್ಯಾಕ್ಸಿವೇ ಕಡೆಗೆ ನೇರವಾಗಿ ಬಂದರು.

ಆದರೆ ಅವರಿಗೂ ಏನೋ ಸರಿ ಇಲ್ಲ ಅನ್ನಿಸಿತ್ತು. ರನ್‌ವೇ ಮೇಲೆ ದೀಪಗಳು ಕಾಣುತ್ತಿವೆ, ನಮಗೆ ಇಳಿಯಲು ಅನುಮತಿ ಇದೆಯೇ ಅಂತ ಟವರ್‌ಗೆ ಕೇಳಿದರು. ಆ ಹೊತ್ತಿನಲ್ಲಿ ಟವರ್‌ನಲ್ಲಿ ರೇಡಿಯೊ ನೋಡಿಕೊಳ್ಳುತ್ತಿದ್ದದ್ದು ಒಬ್ಬರೇ. ಅವರು ಪರಿಶೀಲಿಸಿ, 28 ರೈಟ್ ಮೇಲೆ ನಿಮ್ಮನ್ನು ಬಿಟ್ಟು ಯಾರೂ ಇಲ್ಲ, ಇಳಿಯಿರಿ ಅಂದರು. ಅವರು ಹೇಳಿದ್ದರಲ್ಲಿ ಸುಳ್ಳು ಎಳ್ಳಷ್ಟೂ ಇರಲಿಲ್ಲ. 28 ರೈಟ್ ಖಾಲಿಯೇ ಇತ್ತು. ವಿಮಾನ ಬರುತ್ತಿದ್ದದ್ದು ಅದರ ಕಡೆಗೆ ಅಲ್ಲ, ಅಷ್ಟೇ.

ನೆಲದ ಮೇಲೆ ಮೊದಲು ನಿಂತಿದ್ದ ವಿಮಾನದ ಪೈಲಟ್ ರೇಡಿಯೊದಲ್ಲಿ, ಇವನು ಎಲ್ಲಿಗೆ ಬರುತ್ತಿದ್ದಾನೆ, ಟ್ಯಾಕ್ಸಿವೇ ಮೇಲೆ ಬರುತ್ತಿದ್ದಾನೆ ಅಂತ ಕೂಗಿದ. ಎರಡನೆಯದು ಫಿಲಿಪೈನ್ಸ್‌ನ ಎ340. ಅದರ ಪೈಲಟ್‌ಗಳು ತಮ್ಮ ದೊಡ್ಡ ದೀಪ ಹಾಕಿ ಎಚ್ಚರಿಸಿದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಏರ್ ಕೆನಡಾ ಪೈಲಟ್‌ಗಳು ತಾವಾಗಿಯೇ ವಿಮಾನ ಮೇಲೆತ್ತಿದರು. ತೀರಾ ಕೆಳಗೆ ಬಂದಾಗ ನೆಲದಿಂದ ಇದ್ದ ಎತ್ತರ 60 ಅಡಿ. ಎ340 ವಿಮಾನದ ಬಾಲವೇ ಸುಮಾರು 55 ಅಡಿ ಎತ್ತರ. ಆ ಐದು ವಿಮಾನಗಳಲ್ಲಿ ಸಾವಿರಕ್ಕಿಂತ ಜಾಸ್ತಿ ಜನ ಇದ್ದರು. ಈ ಲೆಕ್ಕ ನೆನೆಸಿಕೊಂಡರೆ ಈಗಲೂ ಮೈ ಜುಂ ಅನ್ನುತ್ತದೆ.

[ಪರದೆ ಮೇಲೆ: ತನಿಖಾ ವರದಿಯ ಮುಖ್ಯಾಂಶಗಳು]

ಅಮೆರಿಕದ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ ಪತ್ತೆ ಮಾಡಿದ್ದೇನು? ಎಡ ರನ್‌ವೇ ಮುಚ್ಚಿದೆ ಅನ್ನುವ ಸೂಚನೆ ಪೈಲಟ್‌ಗಳ ಕೈಯಲ್ಲೇ ಇತ್ತು. ಆದರೆ ಅದು 27 ಪುಟದ ಕಾಗದಗಳಲ್ಲಿ 8ನೇ ಪುಟದಲ್ಲಿ, ಬೇರೆ ನೂರೆಂಟು ಸೂಚನೆಗಳ ನಡುವೆ ಹೂತುಹೋಗಿತ್ತು. ಕ್ಯಾಪ್ಟನ್ ಎದ್ದು 19 ಗಂಟೆ ದಾಟಿತ್ತು. ಇನ್ನೊಂದು ಮುಖ್ಯ ವಿಷಯ ಐಎಲ್‌ಎಸ್. ಇದು ರನ್‌ವೇಯಿಂದ ಬರುವ ರೇಡಿಯೊ ಕಿರಣ. ಆ ರನ್‌ವೇಯ ಫ್ರೀಕ್ವೆನ್ಸಿ ಹಾಕಿಕೊಂಡರೆ, ನೀವು ಸ್ವಲ್ಪ ಅತ್ತಿತ್ತ ಸರಿದರೂ ಉಪಕರಣ ಹೇಳುತ್ತದೆ. ಆವತ್ತು ಅದನ್ನು ಕೈಯಿಂದ ಹಾಕಿಕೊಳ್ಳಬೇಕಿತ್ತು. ಹಾಕಿಕೊಂಡಿರಲಿಲ್ಲ. ಕಣ್ಣನ್ನೇ ನಂಬಿ ಬಂದರು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ಹಾಗೆ. ಮನಸ್ಸು ಮೊದಲೇ ತೀರ್ಮಾನ ಮಾಡಿಬಿಟ್ಟರೆ ಕಣ್ಣು ಅದಕ್ಕೆ ಸಾಕ್ಷಿ ಹೇಳುತ್ತದೆ. ಟ್ಯಾಕ್ಸಿವೇ ಮಧ್ಯದಲ್ಲಿ ಹಸಿರು ದೀಪ, ರನ್‌ವೇ ಅಂಚಿನಲ್ಲಿ ಬಿಳಿ ದೀಪ. ಇದು ಮೊದಲ ವರ್ಷದ ಪಾಠ. ಸಾವಿರಾರು ಗಂಟೆ ಹಾರಿದವರಿಗೂ ಆ ರಾತ್ರಿ ಅದು ಕಾಣಲಿಲ್ಲ. ಹಾಗಾಗಿ ಇಂಥ ಸುದ್ದಿ ಬಂದ ತಕ್ಷಣ ಪೈಲಟ್ ಕುಡಿದಿದ್ದನಾ, ನಿದ್ದೆ ಮಾಡುತ್ತಿದ್ದನಾ ಅಂತ ಕಮೆಂಟ್ ಹಾಕುವುದು ನನಗೆ ಒಪ್ಪಿಗೆ ಇಲ್ಲ. ಬೈದರೆ ಕೋಪ ತಣಿಯಬಹುದು, ಮುಂದಿನ ವಿಮಾನ ಉಳಿಯುವುದಿಲ್ಲ.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಎಲ್ಲರೂ ಉಳಿದರು. ಎಲ್ಲ ಕಡೆ ಹಾಗಾಗಲಿಲ್ಲ.

[ಪರದೆ ಮೇಲೆ: ದಿಕ್ಸೂಚಿ. ಒಂದು ಗುರುತು 227ರ ಮೇಲೆ, ಮುಳ್ಳು 266ರ ಮೇಲೆ.]

2006ರ ಆಗಸ್ಟ್ 27, ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್. ಕಾಮ್‌ಏರ್ ಕಂಪನಿಯ ಚಿಕ್ಕ ಜೆಟ್, ಒಳಗೆ 50 ಜನ. ಇನ್ನೂ ಬೆಳಕು ಹರಿದಿರಲಿಲ್ಲ. ಟೇಕಾಫ್ ಆಗಬೇಕಾದದ್ದು ರನ್‌ವೇ 22ರಿಂದ, ಉದ್ದ ಸುಮಾರು 7,000 ಅಡಿ. ಹೋದದ್ದು ರನ್‌ವೇ 26ಕ್ಕೆ, ಉದ್ದ ಬರೀ 3,500 ಅಡಿ. ಎರಡರ ತುದಿಗಳೂ ಹತ್ತಿರ ಹತ್ತಿರ. ಕಾಮಗಾರಿಯಿಂದಾಗಿ ಆ ವಾರ ಟ್ಯಾಕ್ಸಿ ದಾರಿಯೂ ಬದಲಾಗಿತ್ತು.

ಪರದೆ ಮೇಲಿನ ದಿಕ್ಸೂಚಿ ನೋಡಿ. ಪೈಲಟ್‌ಗಳು ಗುರುತು ಇಟ್ಟಿದ್ದು 227 ಡಿಗ್ರಿಗೆ, ಅದು ಸರಿ. ವಿಮಾನ ಮುಖ ಮಾಡಿದ್ದು 266ಕ್ಕೆ. ಮುಳ್ಳು ಗುರುತಿನಿಂದ ಅಷ್ಟು ದೂರ ನಿಂತು, ಇದು ಆ ರನ್‌ವೇ ಅಲ್ಲ ಅಂತ ಹೇಳುತ್ತಲೇ ಇತ್ತು. ಓಡಲು ಶುರುವಾದ ಮೇಲೆ ಸಹ ಪೈಲಟ್, ದೀಪಗಳೇ ಇಲ್ಲ, ವಿಚಿತ್ರವಾಗಿದೆ ಅಂದರು. ಕ್ಯಾಪ್ಟನ್ ಹೌದು ಅಂದರು. ವಿಮಾನ ಓಡುತ್ತಲೇ ಇತ್ತು. 49 ಜನ ಸತ್ತರು. ಉಳಿದದ್ದು ಆ ಸಹ ಪೈಲಟ್ ಒಬ್ಬರೇ.

ಟವರ್‌ನಲ್ಲಿ ಆವತ್ತೂ ಒಬ್ಬರೇ ಇದ್ದರು. ಅನುಮತಿ ಕೊಟ್ಟು, ಬೇರೆ ಲೆಕ್ಕಪತ್ರದ ಕೆಲಸಕ್ಕೆ ತಿರುಗಿದ್ದರು. ಕಾಕ್‌ಪಿಟ್‌ನಲ್ಲಿ ಟ್ಯಾಕ್ಸಿ ಮಾಡುವಾಗ ಕೆಲಸಕ್ಕೆ ಸಂಬಂಧ ಇಲ್ಲದ ಮಾತು ನಡೆದಿತ್ತು. 10,000 ಅಡಿಗಿಂತ ಕೆಳಗೆ, ನೆಲದ ಮೇಲೆ ಓಡಾಡುವಾಗಲೂ, ಕೆಲಸದ ಮಾತು ಬಿಟ್ಟು ಬೇರೆ ಆಡಬಾರದು ಅನ್ನುವ ನಿಯಮ ಇರುವುದೇ ಇದಕ್ಕಾಗಿ.

ಅದಕ್ಕೂ ಮೊದಲು, 2000ದ ಅಕ್ಟೋಬರ್ 31ರಂದು ತೈಪೆಯಲ್ಲಿ ಚಂಡಮಾರುತದ ಮಳೆ ಸುರಿಯುತ್ತಿತ್ತು. ಸಿಂಗಪುರ ಏರ್‌ಲೈನ್ಸ್‌ನ 747 ಹೋಗಬೇಕಾದದ್ದು 05 ಲೆಫ್ಟ್‌ಗೆ. ಹಸಿರು ದೀಪಗಳ ಸಾಲು ಹಿಡಿದು ತಿರುಗಿದ್ದು 05 ರೈಟ್‌ಗೆ. ಅಲ್ಲಿ ಕಾಮಗಾರಿ ನಡೆಯುತ್ತಿತ್ತು, ಅಗೆಯುವ ಯಂತ್ರಗಳು ನಿಂತಿದ್ದವು. 179 ಜನರಲ್ಲಿ 83 ಜನ ಸತ್ತರು. ಅಲ್ಲೂ ರನ್‌ವೇ ನೇರಕ್ಕಿದ್ದೇವೆಯೇ ಅಂತ ತೋರಿಸುವ ಉಪಕರಣ ತೆರೆದುಕೊಳ್ಳದೆ ಸುಳಿವು ಕೊಟ್ಟಿತ್ತು. ಎದುರಿಗೆ ರನ್‌ವೇ ಕಾಣುತ್ತಿದೆಯಲ್ಲ, ಪರವಾಗಿಲ್ಲ ಅಂತ ಮುಂದುವರಿದರು.

ಭಾರತದ ವಿಮಾನಗಳೂ ಇದರಿಂದ ಹೊರತಲ್ಲ. 2018ರ ಆಗಸ್ಟ್‌ನಲ್ಲಿ ರಿಯಾದ್‌ನಲ್ಲಿ ನಮ್ಮ ದೇಶದ ಒಂದು ವಿಮಾನ ಟ್ಯಾಕ್ಸಿವೇ ಮೇಲಿಂದಲೇ ಟೇಕಾಫ್‌ಗೆ ಓಡಿತು. ಮುಂದಿನ ತಿಂಗಳೇ ತಿರುವನಂತಪುರದಿಂದ ಹೋದ ಇನ್ನೊಂದು ವಿಮಾನ ಮಾಲೆಯಲ್ಲಿ, ಇನ್ನೂ ಕಟ್ಟುತ್ತಿದ್ದ ಹೊಸ ರನ್‌ವೇ ಮೇಲೆ ಇಳಿಯಿತು. ಎರಡರಲ್ಲೂ ಪ್ರಾಣಹಾನಿ ಇಲ್ಲ.

[ಪರದೆ ಮೇಲೆ: ಕೆಂಪೇಗೌಡ ನಿಲ್ದಾಣದ ಎರಡು ರನ್‌ವೇ, ಎರಡರಿಂದಲೂ ಏರುವ ಬಾಣಗಳು]

ಈಗ ನಮ್ಮೂರಿಗೆ ಬರೋಣ. 2022ರ ಜನವರಿ 7ರ ಬೆಳಿಗ್ಗೆ. ಇಲ್ಲಿ ಪೈಲಟ್‌ಗಳ ತಪ್ಪು ಇರಲಿಲ್ಲ, ಅದನ್ನು ಮೊದಲೇ ಹೇಳುತ್ತೇನೆ. ಆ ಹೊತ್ತಿಗೆ ಉತ್ತರದ ರನ್‌ವೇ ಟೇಕಾಫ್‌ಗೆ, ದಕ್ಷಿಣದ್ದು ಲ್ಯಾಂಡಿಂಗ್‌ಗೆ ಬಳಕೆಯಲ್ಲಿತ್ತು. ನಡುವೆ ದಕ್ಷಿಣದ್ದು ನಿಲ್ಲಿಸಿ ಒಂದನ್ನೇ ಬಳಸುವ ತೀರ್ಮಾನ ಆಯಿತು. ಆ ಮಾತು ದಕ್ಷಿಣದ ರನ್‌ವೇ ನೋಡಿಕೊಳ್ಳುತ್ತಿದ್ದ ಟವರ್ ನಿಯಂತ್ರಕರಿಗೆ ತಲುಪಲೇ ಇಲ್ಲ. ಒಂದು ವಿಮಾನ ಕೋಲ್ಕತ್ತಕ್ಕೆ, ಇನ್ನೊಂದು ಭುವನೇಶ್ವರಕ್ಕೆ. ಎರಡಕ್ಕೂ ಒಂದೇ ಹೊತ್ತಿಗೆ ಟೇಕಾಫ್ ಅನುಮತಿ ಸಿಕ್ಕಿತು. ಏರಿದ ಮೇಲೆ ಎರಡೂ ಒಂದರ ಕಡೆಗೆ ಒಂದು ಸರಿಯತೊಡಗಿದವು. ರಾಡಾರ್ ಮುಂದೆ ಕೂತಿದ್ದ ನಿಯಂತ್ರಕರು ಅದನ್ನು ಗಮನಿಸಿ ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರು. ಕೂದಲೆಳೆಯಲ್ಲಿ ತಪ್ಪಿತು.

ಆ ರಾಡಾರ್ ನಿಯಂತ್ರಕರಿಗೆ ಊರಲ್ಲಿ ಯಾರೂ ಹಾರ ಹಾಕಲಿಲ್ಲ. ಹಾಕಬೇಕಿತ್ತು ಅಂತ ನನ್ನ ಅಭಿಪ್ರಾಯ.

ಹಾಗಾದರೆ ಈಗ ಏನೇನು ರಕ್ಷಣೆ ಇದೆ? ಮೊದಲನೆಯದು ಮಾತು. ಟವರ್ ರನ್‌ವೇ ನಂಬರ್ ಹೇಳಿದರೆ ಪೈಲಟ್ ಅದನ್ನೇ ತಿರುಗಿ ಹೇಳಬೇಕು, ‘ಜೀರೋ ನೈನರ್ ಲೆಫ್ಟ್’ ಅಂತ. ಬರೀ ‘ಓಕೆ’ ನಡೆಯುವುದಿಲ್ಲ. ರನ್‌ವೇ ಮೇಲೆ ತಿರುಗಿ ನಿಂತ ಮೇಲೆ ನೆಲದ ಮೇಲಿನ ಅಂಕಿ, ದಿಕ್ಸೂಚಿ ಎರಡನ್ನೂ ನೋಡಿ ಇಬ್ಬರೂ ಒಪ್ಪಬೇಕು. ಎರಡು ಸೆಕೆಂಡಿನ ಕೆಲಸ. ಲೆಕ್ಸಿಂಗ್ಟನ್‌ನಲ್ಲಿ ಆ ಎರಡು ಸೆಕೆಂಡ್ ಸಾಕಾಗಿತ್ತು. ಕೆಲವು ವಿಮಾನಗಳಲ್ಲಿ ಈಗ ಧ್ವನಿ ಎಚ್ಚರಿಕೆಯೂ ಇದೆ. ರನ್‌ವೇ ಹತ್ತಿರ ಬಂದರೆ ಅದರ ನಂಬರ್ ಕೂಗಿ ಹೇಳುತ್ತದೆ, ಟ್ಯಾಕ್ಸಿವೇ ಮೇಲೆ ವೇಗ ಹೆಚ್ಚಿಸಿದರೆ ‘ಆನ್ ಟ್ಯಾಕ್ಸಿವೇ’ ಅಂತ ಎಚ್ಚರಿಸುತ್ತದೆ. ಇದು ಎಲ್ಲ ವಿಮಾನದಲ್ಲೂ ಇರಬೇಕು. ಇದರಲ್ಲಿ ಖರ್ಚಿನ ಲೆಕ್ಕ ನೋಡುವುದು ನನಗೆ ಸರಿ ಕಾಣುವುದಿಲ್ಲ.

ಎಲ್ಲಕ್ಕಿಂತ ದೊಡ್ಡದು ಗೋ-ಅರೌಂಡ್. ಇನ್ನೇನು ಚಕ್ರ ನೆಲಕ್ಕೆ ತಾಗಬೇಕು ಅನ್ನುವಾಗ ಎಂಜಿನ್ ಜೋರಾಗಿ ಕೂಗಿ ವಿಮಾನ ಮತ್ತೆ ಮೇಲೇರುತ್ತದಲ್ಲ, ಅದು. ಎಷ್ಟೋ ಪ್ರಯಾಣಿಕರು ಹೆದರುತ್ತಾರೆ, ಕೆಳಗಿಳಿದ ಮೇಲೆ ಸಿಟ್ಟಾಗುತ್ತಾರೆ, ಕನೆಕ್ಷನ್ ತಪ್ಪಿತು ಅಂತ ಜಗಳಕ್ಕೂ ನಿಲ್ಲುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸಾವಿರ ಜನರನ್ನು ಕೊನೆಗೆ ಉಳಿಸಿದ್ದು ಅದೇ ಗೋ-ಅರೌಂಡ್. ಅನುಮಾನ ಬಂದಾಗ ಮೇಲೇರಿದ ಪೈಲಟ್ ತನ್ನ ಕೆಲಸ ಸರಿಯಾಗಿ ಮಾಡಿದ್ದಾನೆ. ಅರ್ಧ ಗಂಟೆ ತಡವಾದರೂ ಆತನಿಗೆ, ಆಕೆಗೆ ಇಳಿಯುವಾಗ ಒಂದು ಥ್ಯಾಂಕ್ಸ್ ಹೇಳಿ.

[ಪರದೆ ಮೇಲೆ: ಕಿಟಕಿಯಿಂದ ಕಾಣುವ ಕೆಂಪು ಫಲಕ]

ಮುಂದಿನ ಸಲ ದೇವನಹಳ್ಳಿಯಿಂದ ಹೊರಡುವಾಗ ಕಿಟಕಿ ಸೀಟು ಸಿಕ್ಕರೆ ಹೊರಗೆ ನೋಡುತ್ತಿರಿ. ಕಪ್ಪು, ಹಳದಿ ಬಣ್ಣದ ಫಲಕ ಕಂಡರೆ ಟ್ಯಾಕ್ಸಿವೇ. ರಾತ್ರಿಯಾದರೆ ಅಂಚಿನಲ್ಲಿ ನೀಲಿ ದೀಪ. ಕೆಂಪು ಫಲಕದ ಮೇಲೆ ಬಿಳಿ ಅಕ್ಷರದಲ್ಲಿ ‘09ಎಲ್-27ಆರ್’ ಅಂತ ಕಂಡರೆ ಉತ್ತರದ ರನ್‌ವೇ ಬಾಗಿಲಿಗೆ ಬಂದಿದ್ದೀರಿ, ‘09ಆರ್-27ಎಲ್’ ಅಂತಿದ್ದರೆ ದಕ್ಷಿಣದ್ದು. ಮುಂದೆ ಕಾಕ್‌ಪಿಟ್‌ನಲ್ಲಿ ಇಬ್ಬರು ಅದೇ ಫಲಕ ನೋಡಿ ಆ ನಂಬರನ್ನೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿರುತ್ತಾರೆ.